ಊರಿನ ಕಲೆ, ಊರಿನ ಬದುಕು ಮತ್ತು ಕ್ಯುರೇಟರ್: ಕೋಲಾರ ಸೀಮೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಮಾಲೂರು, ಮುಳಬಾಗಿಲು, ಕೆಜಿಎಫ್ ಕಡೆ ಕಲಾ ಪ್ರದರ್ಶನ, ಗೋಡೆ ಚಿತ್ರ, ಹಳೇ ಫೋಟೊ ಸಂಗ್ರಹ ಇಂಥ ಕೆಲಸಕ್ಕೆ ಇಳಿದವರಿಗೆಲ್ಲ ಪಂಚಾಯಿತಿ ಸದಸ್ಯರು, ಮೇಷ್ಟ್ರುಗಳು, ಶಿಲ್ಪಿಗಳು, ಕಲಾ ಕಾಲೇಜಿನ ಹುಡುಗ ಹುಡುಗಿಯರು, ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗದವರು ತಪ್ಪದೇ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೆಲವಕ್ಕೆ ಎರಡೇ ಮಾತಿನ ಉತ್ತರ ಸಾಕು, ಕೆಲವಕ್ಕೆ ಸಾಲದು.

ಕ್ಯುರೇಟರ್ ಅಂದರೆ ಚಿತ್ರಗಳನ್ನು ಆರಿಸಿ ಗೋಡೆಗೆ ನೇತುಹಾಕುವವರು ತಾನೆ?

ಬೆಂಗಳೂರಿನ ಗ್ಯಾಲರಿಯಲ್ಲಾದರೆ ಬಹುಪಾಲು ಅದೇ. ಕೃತಿ ಆರಿಸಬೇಕು, ಸಾಗಿಸಬೇಕು, ವಿಮೆ ಮಾಡಿಸಬೇಕು, ಯಾವುದರ ಪಕ್ಕ ಯಾವುದು ಅಂತ ತೀರ್ಮಾನಿಸಬೇಕು, ಟಿಪ್ಪಣಿ ಬರೆಯಬೇಕು. ಹಳ್ಳಿಗೆ ಬಂದ ಕೂಡಲೇ ಈ ಪಟ್ಟಿ ಉದ್ದವಾಗುತ್ತದೆ. ಈ ಗೋಡೆ ಯಾರದು? ಈ ಹಾಡು ಹೇಳುವ ಹಕ್ಕು ಯಾರ ಮನೆತನದ್ದು? ಕಲಾವಿದರಿಗೆ ಕೊಡುವ ದುಡ್ಡು ಎಷ್ಟು, ಯಾವಾಗ? ಪ್ರದರ್ಶನ ಮುಗಿದ ಮಾರನೇ ದಿನ ಬೀಗದ ಕೈ ಯಾರ ಹತ್ತಿರ ಇರುತ್ತೆ?

ಜಗತ್ತಿನ ಮ್ಯೂಸಿಯಂಗಳ ಒಕ್ಕೂಟವಾದ ಐಕಾಮ್ 2022ರ ಆಗಸ್ಟ್‌ನಲ್ಲಿ ಪ್ರಾಗ್ ನಗರದಲ್ಲಿ ಸಭೆ ಸೇರಿ ಮ್ಯೂಸಿಯಂ ಅನ್ನುವುದರ ವ್ಯಾಖ್ಯೆಯನ್ನೇ ಬದಲಿಸಿತು. ಸುಸ್ಥಿರತೆ, ಸಮುದಾಯಗಳ ಪಾಲ್ಗೊಳ್ಳುವಿಕೆ ಎರಡೂ ಆ ವ್ಯಾಖ್ಯೆಯ ಒಳಗೆ ಬಂದವು. ಕಾಗದದ ಮೇಲೆ ಬಂದಿದೆ, ಸಂತೋಷ. ನಮ್ಮ ಕಡೆ ಅದು ಮೂರು ವಿಷಯಕ್ಕೆ ಬಂದು ನಿಲ್ಲುತ್ತದೆ: ಒಪ್ಪಿಗೆ, ಸಂಭಾವನೆ, ನಿರ್ವಹಣೆ. ಈ ಮೂರನ್ನು ಸರಿಯಾಗಿ ನೋಡಿಕೊಳ್ಳುವ ಕ್ಯುರೇಟರ್‌ಗೆ ಅಭಿರುಚಿ ಸ್ವಲ್ಪ ಕಮ್ಮಿ ಇದ್ದರೂ ಊರು ತಡೆದುಕೊಳ್ಳುತ್ತದೆ. ಅಭಿರುಚಿ ಮಾತ್ರ ಇದ್ದವರಿಂದ ಕಷ್ಟ.

ಸುಸ್ಥಿರ ಅಭಿವೃದ್ಧಿ ಅಂದರೆ ಗಿಡ ನೆಡೋದು, ಇಂಗುಗುಂಡಿ ತೋಡೋದು. ಇದರಲ್ಲಿ ಕಲೆಗೆ ಏನು ಕೆಲಸ?

ವಿಶ್ವಸಂಸ್ಥೆ 2015ರಲ್ಲಿ ಒಪ್ಪಿಕೊಂಡ 17 ಗುರಿಗಳಲ್ಲಿ ಹನ್ನೊಂದನೆಯದರ ಅಡಿ ಸಾಂಸ್ಕೃತಿಕ ಮತ್ತು ನೈಸರ್ಗಿಕ ಪರಂಪರೆಯ ರಕ್ಷಣೆ ಅಂತ ಒಂದು ಸಾಲು ಇದೆ. ಅರ್ಜಿ ಬರೆಯುವಾಗ ಆ ಸಾಲು ಉಪಯೋಗಕ್ಕೆ ಬರುತ್ತದೆ. ಕೋಲಾರದಲ್ಲಿ ಅದಕ್ಕಿಂತ ಹತ್ತಿರದ ಕಾರಣ ಒಂದಿದೆ, ಅದು ಕೆರೆ.

ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. ಹಿಂದಿನವರು ಬದುಕಿದ್ದು ಕೆರೆಗಳ ಸರಣಿ ಕಟ್ಟಿಕೊಂಡು. ಆ ಕೆರೆಗಳ ಕಥೆ ಕಲ್ಲಿನ ಮೇಲೇ ಇದೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೇ ಸಂಪುಟ, 1905ರಲ್ಲಿ ಬಂದದ್ದು, ಪೂರ್ತಿ ಕೋಲಾರ ಜಿಲ್ಲೆಯ ಶಾಸನಗಳದ್ದೇ. ಕೆರೆ ಕಟ್ಟಿಸಿದವರಿಗೆ, ಕೆರೆಯನ್ನು ದುರಸ್ತಿಯಲ್ಲಿ ಇಟ್ಟವರಿಗೆ ಭೂಮಿ ಬಿಟ್ಟುಕೊಟ್ಟ ಕಟ್ಟುಕೊಡಗೆಯ ಮಾತು ಈ ಸೀಮೆಯ ಶಾಸನಗಳಲ್ಲಿ ಸಿಗುತ್ತದೆ. ಅಂದರೆ ನಿರ್ವಹಣೆಗೂ ದುಡ್ಡು ಎತ್ತಿಡಬೇಕು ಅನ್ನೋ ಲೆಕ್ಕ ಅವರಿಗೆ ಗೊತ್ತಿತ್ತು. ಇವತ್ತಿನ ಎಷ್ಟೋ ಯೋಜನಾ ವರದಿಗಳಲ್ಲಿ ಆ ಕಾಲಂ ಖಾಲಿ ಇರುತ್ತದೆ.

2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಬತ್ತಿದ್ದ ಕೆರೆ ತುಂಬಿತು, ಕೊಳವೆಬಾವಿಯಲ್ಲಿ ನೀರು ಬಂತು ಅನ್ನುವವರು ಇದ್ದಾರೆ. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೇ ಹಂತವೂ ಬೇಕು ಅಂತ ಹೋರಾಡುತ್ತಿರುವವರೂ ಇದ್ದಾರೆ. ಕ್ಯುರೇಟರ್‌ಗೆ ಇಲ್ಲಿ ಕೈತುಂಬ ಕೆಲಸ. ಕೆರೆ ಏರಿಯ ಮೇಲೇ ಪ್ರದರ್ಶನ ಮಾಡಿ. ತೂಬಿನ ಕಲ್ಲು, ಶಾಸನದ ಅಚ್ಚು, ಅದರ ಇವತ್ತಿನ ಕನ್ನಡದ ಓದು, ಕೆರೆ ನೀರು ಹಂಚುತ್ತಿದ್ದ ಹಳೇ ನೀರುಗಂಟಿಗಳ ಮನೆಯವರ ಮಾತು, ಇವತ್ತಿನ ನೀರಿನ ಪರೀಕ್ಷೆಯ ವರದಿ, ಎಲ್ಲವನ್ನೂ ಒಂದೇ ಸಾಲಲ್ಲಿ ಇಡಿ. ಜಗಳ ಇದ್ದರೆ ಜಗಳವನ್ನೂ ಇಡಿ. ಟೌನ್‌ಹಾಲಿನಲ್ಲಿ ಇಟ್ಟರೆ ಉದ್ಘಾಟನೆಗೆ ಬಂದವರು ನೋಡುತ್ತಾರೆ, ಏರಿ ಮೇಲಿಟ್ಟರೆ ದನ ಹೊಡಕೊಂಡು ಹೋಗುವವರು ನಿಂತು ತಪ್ಪು ತಿದ್ದುತ್ತಾರೆ.

ನೀರಿನ ಜೊತೆ ಕಲೆ ಕೈಜೋಡಿಸಿದ್ದಕ್ಕೆ ನಮ್ಮ ದೇಶದಲ್ಲೇ ಒಳ್ಳೇ ಉದಾಹರಣೆ ಇದೆ. ಕಲಾವಿದೆ ನವಜೋತ್ ಅಲ್ತಾಫ್ ಛತ್ತೀಸ್‌ಗಢದ ಬಸ್ತಾರ್ ಸೀಮೆಯ ಕೊಂಡಗಾಂವ್‌ನಲ್ಲಿ ಆದಿವಾಸಿ ಕಲಾವಿದರ ಜೊತೆ ಸೇರಿ ‘ನಲ್‌ಪಾರ್’ ಎಂಬ ಹೆಸರಲ್ಲಿ ಕೈಪಂಪಿನ ಸುತ್ತಲ ಜಾಗಗಳನ್ನೇ ಕಟ್ಟಿಸಿದರು. ನೀರು ಹಿಡಿಯುವ ಹೆಂಗಸರಿಗೆ ಕೊಡ ಇಳಿಸಿ ಎತ್ತಿಕೊಳ್ಳಲು ಅನುಕೂಲ, ಚೆಲ್ಲಿದ ನೀರು ಹರಿದುಹೋಗಲು ದಾರಿ, ಜೊತೆಗೆ ಶಿಲ್ಪ. ನಮ್ಮ ಊರುಗಳ ಶುದ್ಧ ಕುಡಿಯುವ ನೀರಿನ ಘಟಕಗಳ ಮುಂದೆ ಕ್ಯಾನು ಹಿಡಿದು ಕೆಸರಲ್ಲಿ ನಿಂತವರನ್ನು ನೋಡಿದಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ನಾವು ಶಿವಾರಪಟ್ಟಣದವರು, ಶಿಲ್ಪಿಗಳು. ಆರ್ಡರ್ ಇದೆ, ಮಾರಾಟ ಇದೆ. ಕ್ಯುರೇಟರ್‌ನಿಂದ ನಮಗೇನು ಲಾಭ?

ಮಾರಾಟಕ್ಕೆ ನಿಮಗೆ ಯಾರೂ ಬೇಕಿಲ್ಲ, ನಿಜ. ಮಾಲೂರು ತಾಲ್ಲೂಕಿನ ನಿಮ್ಮ ಊರಿನಿಂದ ವಿಗ್ರಹ ಹೋಗದ ದಿಕ್ಕಿಲ್ಲ. ಆದರೆ ಆ ವಿಗ್ರಹ ಇರುವ ದೇವಸ್ಥಾನದಲ್ಲಿ ಕೆತ್ತಿದವರ ಹೆಸರು ಎಷ್ಟು ಕಡೆ ಇದೆ? ದಾನಿಗಳ ಹೆಸರು ಗ್ರಾನೈಟಿನ ಮೇಲೆ ಮೊಳದುದ್ದ ಇರುತ್ತದೆ. ಹೊಯ್ಸಳರ ಕಾಲದ ಶಿಲ್ಪಿಗಳು ಪೀಠದ ಕೆಳಗೆ ತಮ್ಮ ಹೆಸರು ಕೆತ್ತಿದ್ದರಿಂದಲೇ ಮಲ್ಲಿತಮ್ಮನಂಥವರ ಹೆಸರು ಇವತ್ತಿಗೂ ಗೊತ್ತು. ಯಾವ ವಿಗ್ರಹ, ಯಾವ ಕಲ್ಲು, ಯಾವ ವರ್ಷ, ಯಾರ ಕೈ, ಎಲ್ಲಿಗೆ ಹೋಯಿತು ಎಂಬ ದಾಖಲೆ ಇಡುವುದು ಕ್ಯುರೇಟರ್‌ನ ಮೊದಲ ಕೆಲಸ. ದಾಖಲೆ ಇದ್ದರೆ ಮುಂದಿನ ಬೆಲೆ ಮಾತಾಡುವಾಗ ನಿಮ್ಮ ಮಾತಿಗೆ ತೂಕ ಬರುತ್ತದೆ.

ಎರಡನೆಯದು, ನೋಡಲು ಬರುವವರಿಗೆ ಏನು ತೋರಿಸಬೇಕು ಅನ್ನೋದು. ಎಲ್ಲರೂ ಮುಗಿದ ವಿಗ್ರಹ ತೋರಿಸುತ್ತಾರೆ. ನಾನಾದರೆ ಕಲ್ಲು ಆರಿಸುವ ಗಳಿಗೆಯನ್ನು ತೋರಿಸುತ್ತೇನೆ. ಶಿಲ್ಪಿ ಸುತ್ತಿಗೆಯಿಂದ ಕಲ್ಲನ್ನು ಒಂದು ತುದಿಯಿಂದ ತಟ್ಟುತ್ತಾ ಬರುತ್ತಾರೆ, ಕಿವಿ ಕಲ್ಲಿನ ಹತ್ತಿರ. ಗಂಟೆಯ ಹಾಗೆ ಕಣಕಣ ಅಂದರೆ ಸರಿ. ಒಂದು ಕಡೆ ದನಿ ಸತ್ತಂತೆ ಕೇಳಿದರೆ ಒಳಗೆ ಸೀಳಿದೆ, ಆ ಕಲ್ಲು ದೇವರಾಗೋದಿಲ್ಲ. ನಾದ ಕೇಳಿ ಗಂಡು ಕಲ್ಲು, ಹೆಣ್ಣು ಕಲ್ಲು ಅಂತ ವಿಂಗಡಿಸುವ ಪದ್ಧತಿ ಶಿಲ್ಪಶಾಸ್ತ್ರದ್ದು. ಆಮೇಲೆ ಕಲ್ಲಿನ ಮೇಲೆ ಕೆಂಪು ಗೆರೆಯ ಅಳತೆ, ತಾಳಮಾನದ (ವಿಗ್ರಹದ ಅಂಗಾಂಗಗಳ ಅನುಪಾತದ) ಲೆಕ್ಕ, ಉಳಿ ಚಾಣದ ಕೆಲಸ. ಕಣ್ಣು ತೆರೆಸುವುದು ಕೊನೆಗೆ, ಅದು ಶಾಸ್ತ್ರದ ಕೆಲಸ. ಪ್ರವಾಸಿಗರು ಮೊಬೈಲ್ ಹಿಡಿದು ನಿಲ್ಲುವ ಜಾಗ ಅದಲ್ಲ. ಅದನ್ನು ಹೇಳಿ ತಡೆಯುವುದೂ ಕ್ಯುರೇಟರ್‌ನದೇ ಜವಾಬ್ದಾರಿ.

ಮೂರನೆಯದನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಮೊದಲು ಉಳಿಯಿಂದ ಆಗುತ್ತಿದ್ದ ಒರಟು ಕೆಲಸವೆಲ್ಲ ಈಗ ಕಟಿಂಗ್ ಮಷೀನು, ಗ್ರೈಂಡರಿನಲ್ಲಿ ಆಗುತ್ತದೆ. ಕೆಲಸ ಬೇಗ, ದೂಳು ಹತ್ತು ಪಟ್ಟು. ಗ್ರಾನೈಟ್ ದೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್. ಒಮ್ಮೆ ಬಂದರೆ ವಾಸಿಯಾಗುವ ಕಾಯಿಲೆ ಅಲ್ಲ. ಇದೇ ಜಿಲ್ಲೆಯ ಕೆಜಿಎಫ್ ಗಣಿಯಲ್ಲಿ 1930ರ ದಶಕದಲ್ಲೇ ಇದನ್ನು ಗುರುತಿಸಿದ್ದರು. ಕಲ್ಲಿಗೆ ನೀರು ಬಿಟ್ಟುಕೊಂಡು ಕತ್ತರಿಸುವುದು, ಸರಿಯಾದ ಮಾಸ್ಕು, ದೂಳೆಳೆಯುವ ಫ್ಯಾನು, ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ಇಷ್ಟು ಆಗಬೇಕು. ಬಾಯಿಗೆ ಟವೆಲ್ ಕಟ್ಟಿಕೊಂಡರೆ ಸಾಲದು. ಶಿಲ್ಪಕಲಾ ಶಿಬಿರಕ್ಕೆ ಬಜೆಟ್ ಬರೆಯುವ ಕ್ಯುರೇಟರ್ ಹಾರ, ಶಾಲು, ನೆನಪಿನ ಕಾಣಿಕೆಗೆ ಬರೆದ ಮೊತ್ತವನ್ನು ಅರ್ಧ ಮಾಡಿ ಇದಕ್ಕೆ ಬರೆಯಲಿ. ಶಿಲ್ಪಿ ನಲವತ್ತೈದಕ್ಕೇ ಏದುಸಿರು ಬಿಡುವಂತಾದರೆ ಯಾವ ಪರಂಪರೆ ಉಳಿಯುತ್ತೆ?

ತಮಟೆಯವರನ್ನು ವೇದಿಕೆ ಹತ್ತಿಸಿದರೆ ಕಲೆಗೆ ಗೌರವ ಸಿಕ್ಕಂತೆ ಅಲ್ಲವೇ?

ಯಾರು ಕರೆದರು, ಎಷ್ಟು ಕೊಟ್ಟರು, ಊಟ ಎಲ್ಲಿ ಹಾಕಿದರು ಅನ್ನೋದರ ಮೇಲೆ ಹೋಗುತ್ತದೆ.

2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ ತಮಟೆ ವಾದನಕ್ಕಾಗಿ ಪದ್ಮಶ್ರೀ ಬಂತು. ಈ ಸೀಮೆಯವರಿಗೆಲ್ಲ ಹೆಮ್ಮೆಯ ವಿಷಯ. ಅದೇ ಹೊತ್ತಿಗೆ, ತಮಟೆ ಬಡಿಯುವುದು ಜಾತಿಯ ಕಾರಣಕ್ಕೆ ಹೇರಿದ ಬಿಟ್ಟಿ ಚಾಕರಿಯಾಗಿತ್ತು, ನಾವು ಮುಟ್ಟೋದಿಲ್ಲ ಅನ್ನುವ ಹುಡುಗರು ಎಷ್ಟೋ ಊರಲ್ಲಿದ್ದಾರೆ. ಇನ್ನೊಂದು ಕಡೆ ಅದೇ ತಮಟೆಯನ್ನು ಹೋರಾಟದ ದನಿಯಾಗಿ ಎತ್ತಿಕೊಂಡದ್ದೂ ಇದೇ ಕೋಲಾರ. ದಲಿತ ಚಳವಳಿಯ ಹಾಡುಗಳು ತಮಟೆ ಇಲ್ಲದೆ ಇಲ್ಲ. ಕೋಲಾರದ ಪಕ್ಕದ ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ಆದಿಮ ಕೇಂದ್ರದಲ್ಲಿ ಹುಣ್ಣಿಮೆ ಹಾಡಿಗೆ ಹೋದವರಿಗೆ, ಊರವರು ತಾವೇ ನಡೆಸುವ ಕಾರ್ಯಕ್ರಮಕ್ಕೂ ಹೊರಗಿನವರು ಏರ್ಪಡಿಸುವ ಉತ್ಸವಕ್ಕೂ ಇರುವ ವ್ಯತ್ಯಾಸ ಬಾಯಿಬಿಟ್ಟು ಹೇಳಬೇಕಿಲ್ಲ.

ಆದ್ದರಿಂದ, ಬಾರಿಸುವವರಿಗೆ ಪೂರ್ತಿ ಸಂಭಾವನೆ ಕೊಡಿ, ಬಾರಿಸೋದಿಲ್ಲ ಅಂದವರ ಮಾತನ್ನೂ ಹಾಗೇ ಒಪ್ಪಿಕೊಳ್ಳಿ. ‘ನಿಮ್ಮ ಪರಂಪರೆ, ನೀವು ಉಳಿಸಬೇಕು’ ಅಂತ ಬುದ್ಧಿ ಹೇಳಲು ಕ್ಯುರೇಟರ್‌ಗೆ ಯಾವ ಅಧಿಕಾರವೂ ಇಲ್ಲ.

ಸಣ್ಣ ವಿಷಯ ಒಂದು. ತಮಟೆ ಬಾರಿಸುವ ಮುಂಚೆ ಹುಲ್ಲೋ ಕಾಗದವೋ ಉರಿ ಹಾಕಿ ಚರ್ಮ ಕಾಯಿಸಬೇಕು. ಕಾದರೆ ಬಿಗಿಯಾಗಿ ಗಣಗಣ ಅನ್ನುತ್ತದೆ. ಮಂಜಿಗೆ, ಏಸಿ ತಂಪಿಗೆ ಸಡಿಲಾಗಿ ದನಿ ಬಿದ್ದುಹೋಗುತ್ತದೆ. ಒಂದು ದೊಡ್ಡ ಸಭಾಂಗಣದಲ್ಲಿ ಬೆಂಕಿ ಹಚ್ಚಲು ಬಿಡಲಿಲ್ಲ. ಅದು ನಿಯಮ, ಸರಿ. ಆದರೆ ಹೊರಗೆ ಜಾಗವನ್ನೂ ತೋರಿಸಲಿಲ್ಲ. ತಂಡದವರು ಪಾರ್ಕಿಂಗಿನ ಮೂಲೆಯಲ್ಲಿ ಕದ್ದು ಉರಿ ಹಾಕಿಕೊಂಡು ಓಡಿ ಬಂದರು, ಎರಡನೇ ಪದಕ್ಕೇ ತಮಟೆ ಮಂಕಾಯಿತು. ಬೆಂಕಿಗೆ ಜಾಗ, ಪಕ್ಕದಲ್ಲಿ ಒಂದು ಬಕೆಟ್ ನೀರು, ಹತ್ತು ನಿಮಿಷದ ಬಿಡುವು. ಗೌರವ ಅಂದರೆ ಇಷ್ಟರಿಂದಲೇ ಶುರು.

ಸರ್ಕಾರಿ ಶಾಲೆ ಗೋಡೆಗೆ ಬಣ್ಣಬಣ್ಣದ ಚಿತ್ರ ಬರೆಸಿದರೆ ಆಯಿತಲ್ಲ? ನಮ್ಮ ಕಂಪನಿಯವರು ಅದನ್ನೇ ಮಾಡುತ್ತಿದ್ದಾರೆ.

ಮಾಡಲಿ. ಆದರೆ ಗೋಡೆ ನೋಡಿ ಮಾಡಲಿ. ನಮ್ಮ ಕಡೆ ಹಳೇ ಮಣ್ಣಿನ ಗೋಡೆ, ಸುಣ್ಣದ ಗಾರೆ ಇನ್ನೂ ಇವೆ. ಅದರ ಮೇಲೆ ಅಕ್ರಿಲಿಕ್ ಎಮಲ್ಷನ್ ಬಳಿದರೆ ಗೋಡೆಯ ಒಳಗಿನ ತೇವ ಹೊರಗೆ ಬರಲಾಗದೆ ಬಣ್ಣ ಗುಳ್ಳೆ ಎದ್ದು ಹಪ್ಪಳದ ಥರ ಕಿತ್ತು ಬರುತ್ತದೆ, ಕೆಲವೊಮ್ಮೆ ಗಾರೆಯನ್ನೂ ಎಳೆದುಕೊಂಡು. ಅಂಥ ಗೋಡೆಗೆ ಸುಣ್ಣ, ಕೆಮ್ಮಣ್ಣು, ಕಾವಿಯೇ ಸರಿ. ಹಬ್ಬಕ್ಕೊಮ್ಮೆ ಊರವರೇ ಹೊಸದಾಗಿ ಬಳಿದುಕೊಳ್ಳಬಹುದು, ಕಂಪನಿಯವರಿಗೆ ಕಾಯಬೇಕಿಲ್ಲ.

ಇನ್ನು ಪ್ರದರ್ಶನದ ಬ್ಯಾನರು. ಪರಿಸರದ ಮೇಲೆ ಪ್ರದರ್ಶನ ಮಾಡಿ ಅದನ್ನು ಫ್ಲೆಕ್ಸ್‌ನಲ್ಲಿ ಪ್ರಿಂಟ್ ಹಾಕಿಸುವುದನ್ನು ನೋಡಿ ನೋಡಿ ಸಾಕಾಗಿದೆ. ಕರ್ನಾಟಕದಲ್ಲಿ 2016ರ ಮಾರ್ಚ್‌ನಿಂದಲೇ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರುಗಳಿಗೆ ನಿಷೇಧ ಇದೆ. ಬಟ್ಟೆಯ ಮೇಲೆ ಕೈಯಲ್ಲಿ ಬರೆಯುವ ಪೇಂಟರ್‌ಗಳು ಕೋಲಾರ, ಬಂಗಾರಪೇಟೆ, ಚಿಂತಾಮಣಿಯಲ್ಲಿ ಇನ್ನೂ ಸಿಗುತ್ತಾರೆ. ಅವರಿಗೆ ಕೆಲಸ ಕೊಡಿ. ಅಕ್ಷರ ಸ್ವಲ್ಪ ಓರೆಯಾದರೆ ಏನೂ ಆಗೋದಿಲ್ಲ.

ಬರೆಸಿದ ಚಿತ್ರದ ಮೇಲೆ ಮುಂದೊಂದು ದಿನ ಪಂಚಾಯಿತಿಯವರು ಸುಣ್ಣ ಹೊಡೆದರೆ?

ಕಾನೂನಿನಲ್ಲಿ ಕಲಾವಿದರಿಗೆ ಬಲ ಇದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ಕೃತಿ ಮಾರಿದ ಮೇಲೂ ಅದನ್ನು ತಾನು ಮಾಡಿದ್ದು ಎಂದು ಹೇಳಿಕೊಳ್ಳುವ, ಅದನ್ನು ವಿರೂಪ ಮಾಡದಂತೆ ತಡೆಯುವ ಹಕ್ಕು ಮಾಡಿದವರಿಗೇ ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಅಮರನಾಥ್ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಿದ್ದರು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ಭಾಗಗಳನ್ನು ಅವರಿಗೆ ವಾಪಸ್ ಕೊಡಿಸಿ 5 ಲಕ್ಷ ರೂಪಾಯಿ ಪರಿಹಾರಕ್ಕೂ ಆದೇಶಿಸಿತು. ನೋಡಿ, 26 ವರ್ಷ. ಊರ ಗೋಡೆಗೆ ಇಷ್ಟು ದೂರ ಹೋಗಬೇಡಿ. ಚಿತ್ರ ಶುರು ಮಾಡುವ ಮುಂಚೆ ಪಂಚಾಯಿತಿ ಸಭೆಯಲ್ಲಿ ಠರಾವು ಮಾಡಿಸಿ: ಎಷ್ಟು ವರ್ಷ ಇರುತ್ತೆ, ಯಾರು ನೋಡಿಕೊಳ್ಳುತ್ತಾರೆ, ಅಳಿಸುವ ಮುಂಚೆ ಯಾರಿಗೆ ತಿಳಿಸಬೇಕು. ಪಿಡಿಒ ಬದಲಾದರೂ ಠರಾವು ಪುಸ್ತಕ ಅಲ್ಲೇ ಇರುತ್ತದೆ.

ದುಡ್ಡು ಎಲ್ಲಿಂದ ಬರುತ್ತೆ?

ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಲಲಿತಕಲಾ, ಶಿಲ್ಪಕಲಾ, ಜಾನಪದ ಅಕಾಡೆಮಿಗಳು ಎಲ್ಲರಿಗೂ ಗೊತ್ತು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಗೆ ಕನ್ನಡದಲ್ಲೇ ಅರ್ಜಿ ಬರೆಯಬಹುದು.

ನಮ್ಮ ಜಿಲ್ಲೆಯಲ್ಲಿ ಜನ ಮರೆಯುವುದು ಸಿಎಸ್‌ಆರ್ ಹಣವನ್ನು. ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳು ಕಣ್ಣೆದುರಿಗೇ ಇವೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಯಾವುದಕ್ಕೆ ಅಂತ ಹೇಳುವ ಏಳನೇ ಅನುಸೂಚಿಯಲ್ಲಿ ಪರಂಪರೆ, ಕಲೆ, ಸಂಸ್ಕೃತಿ, ಸಾಂಪ್ರದಾಯಿಕ ಕರಕುಶಲ ಎಲ್ಲವೂ ಇವೆ. ಆದರೆ ಹಣ ಪಡೆದು ಕೆಲಸ ಮಾಡುವ ಸಂಸ್ಥೆ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಣಿ ಆಗಿರಬೇಕು. ನೋಂದಣಿ ಆದ ಟ್ರಸ್ಟ್ ಒಂದರ ಜೊತೆ ಸೇರಿಕೊಳ್ಳದೆ ನೀವೊಬ್ಬರೇ ಹೋದರೆ ಕಾಫಿ ಕುಡಿಸಿ ಕಳಿಸುತ್ತಾರೆ.

ಒಂದು ಸಲಹೆ. ‘ನಡೆಯುತ್ತಿರುವ ಯೋಜನೆ’ ಅಂತ ಬರೆಸಿಕೊಂಡರೆ ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷದವರೆಗೆ ಎಳೆಯಲು ನಿಯಮದಲ್ಲಿ ಅವಕಾಶ ಇದೆ. ಮಾರ್ಚ್ ಕೊನೆಯಲ್ಲಿ ಬಂದು ‘ಸಾರ್, ಹದಿನೈದು ದಿನದಲ್ಲಿ ಒಂದು ಉತ್ಸವ ಮಾಡಿಬಿಡಿ’ ಅನ್ನುವವರಿಗೆ ಕೈಮುಗಿದು ಇದನ್ನು ನೆನಪಿಸಿ.

ಕೆಜಿಎಫ್‌ನಲ್ಲಿ ಒಂದು ಮ್ಯೂಸಿಯಂ ಮಾಡಿದರೆ ಪ್ರವಾಸೋದ್ಯಮ ಬೆಳೆದು ಊರು ಉದ್ಧಾರ ಆಗೋದಿಲ್ಲವೇ?

ಯಾವುದರ ಮ್ಯೂಸಿಯಂ ಅನ್ನೋದು ಮೊದಲು ತೀರ್ಮಾನ ಆಗಲಿ. ಜಾನ್ ಟೇಲರ್ ಕಂಪನಿ 1880ರ ದಶಕದಲ್ಲಿ ಗಣಿಗಾರಿಕೆ ಶುರು ಮಾಡಿದ್ದು, 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂದದ್ದು, ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಇಳಿದದ್ದು, ಇದೆಲ್ಲ ಎಲ್ಲರ ಬಾಯಲ್ಲಿರುವ ಕಥೆ. ಬಂಗಲೆ, ಕ್ಲಬ್ಬು ಸೇರಿಸಿದರೆ ಮ್ಯೂಸಿಯಂ ರೆಡಿ. ಅದರಲ್ಲಿ ಕಾಣದೇ ಹೋಗುವುದು ಕಾರ್ಮಿಕರ ಲೈನುಗಳ ಬದುಕು. ಒಂದು ಕೋಣೆಯ ಸಾಲುಮನೆ, ಭೂಮಿಯೊಳಗೆ ಬಂಡೆ ಸಿಡಿದು ಸತ್ತವರು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬರುವ ಎರಡು ತಲೆಮಾರು, ಗಾಳಿ ಎದ್ದಾಗ, ಚಿನ್ನ ತೆಗೆದು ಉಳಿದ ಪುಡಿಯ ಸೈನೈಡ್ ದಿಬ್ಬದಿಂದ ಮನೆಯೊಳಗೆ ಬರುವ ದೂಳು.

ಈ ಇತಿಹಾಸದ ವಸ್ತುಗಳು ಮನೆಮನೆಯ ಟ್ರಂಕಿನಲ್ಲಿವೆ: ಗುರುತಿನ ಚೀಟಿ, ಸಂಬಳದ ಚೀಟಿ, ಸಂಘದ ಸಭೆಯ ಫೋಟೊ, ಗಣಿಗೆ ಇಳಿಯುವಾಗ ಹಿಡಿಯುತ್ತಿದ್ದ ದೀಪ. ಇದನ್ನು ಸಂಗ್ರಹಿಸುವ ರೀತಿಯಲ್ಲೇ ಕ್ಯುರೇಟರ್‌ನ ಗುಣ ಗೊತ್ತಾಗುತ್ತದೆ. ‘ಕೊಡಿ, ಮ್ಯೂಸಿಯಂನಲ್ಲಿ ಇಡುತ್ತೇವೆ’ ಅಂತ ಒಯ್ದು ವಾಪಸ್ ಕೊಡದವರಿಂದ ಜನ ಬೇಸತ್ತಿದ್ದಾರೆ. ಸ್ಕ್ಯಾನರ್ ಮತ್ತು ಲ್ಯಾಪ್‌ಟಾಪು ಅವರ ಮನೆಗೇ ಹೋಗಲಿ. ಅವರ ಕಣ್ಣೆದುರೇ ಸ್ಕ್ಯಾನ್ ಆಗಲಿ, ಫೋಟೊ ಅಲ್ಲೇ ಅವರ ಕೈಗೆ ವಾಪಸ್ ಹೋಗಲಿ, ಒಂದು ಒಳ್ಳೇ ಪ್ರಿಂಟ್ ಅವರಿಗೂ ಸಿಗಲಿ. ಫೋಟೊದಲ್ಲಿ ಇರುವವರ ಹೆಸರು ಎಡದಿಂದ ಬಲಕ್ಕೆ ಅಜ್ಜಿಯೋ ತಾತನೋ ಹೇಳುವಾಗಲೇ ಬರೆದುಕೊಳ್ಳಿ. ಅವರು ಹೋದ ಮೇಲೆ ಆ ಫೋಟೊ ಬರೀ ‘ಕಾರ್ಮಿಕರ ಗುಂಪು’ ಆಗಿಬಿಡುತ್ತದೆ.

ಪ್ರವಾಸೋದ್ಯಮದ ಬಗ್ಗೆ ನನ್ನ ಅನುಮಾನ ಹಾಗೇ ಇದೆ. ಬೆಂಗಳೂರಿನಿಂದ ಕಾರಲ್ಲಿ ಬಂದು ದಿಬ್ಬದ ಮೇಲೆ ರೀಲ್ಸ್ ಮಾಡಿ ಸಂಜೆಗೆ ಹೊರಡುವವರಿಂದ ಊರಿಗೆ ಉಳಿಯುವುದು ನೀರಿನ ಬಾಟಲಿ. ಊರಿನ ಹುಡುಗರೇ ಗೈಡ್ ಆಗಿ, ಲೈನಿನ ಹೆಂಗಸರೇ ಊಟ ಹಾಕಿ, ಟಿಕೆಟ್ ಹಣದಲ್ಲಿ ಪಾಲು ಇರುವ ಲೆಕ್ಕ ಮೊದಲೇ ಬರೆದಿಟ್ಟರೆ ಮಾತು ಬೇರೆ. ಅಂದಹಾಗೆ, ಉದ್ಘಾಟನೆಯನ್ನು ವಾರದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಇಡಬೇಡಿ. ಊರಿನ ಅರ್ಧ ಜನ ರೈಲಲ್ಲಿ ಹೋಗಿರುತ್ತಾರೆ. ಭಾನುವಾರ ಇಡಿ.

ಫಲಕಗಳು ಯಾವ ಭಾಷೆಯಲ್ಲಿ ಇರಬೇಕು?

ಕನ್ನಡ ಮೊದಲು. ಅದರಲ್ಲಿ ಮಾತೇ ಇಲ್ಲ. ಆದರೆ ಕೆಜಿಎಫ್‌ನ ಅಜ್ಜಿಗೆ ತನ್ನ ಗಂಡನ ಫೋಟೊದ ಕೆಳಗೆ ತಮಿಳಲ್ಲೂ ಒಂದು ಸಾಲು ಇರಲಿ, ಗಡಿಯ ಹಳ್ಳಿಗಳಲ್ಲಿ ತೆಲುಗು ಇರಲಿ. ಕೈವಾರ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದ ಸೀಮೆ ಇದು. ಮನೆಮಾತು ತಮಿಳಾಗಿದ್ದ ಮಾಸ್ತಿಯವರು ಕನ್ನಡಕ್ಕೆ ಜ್ಞಾನಪೀಠ ತಂದದ್ದೂ ಮಾಲೂರು ತಾಲ್ಲೂಕಿನ ಮಾಸ್ತಿಯಿಂದಲೇ ಹೊರಟು. ಓದಲು ಬಾರದವರಿಗೆ ದನಿಯಲ್ಲಿ ಕೇಳಿಸಿ. ಇಂಗ್ಲಿಷ್ ಕೊನೆಗೆ, ಚಿಕ್ಕದಾಗಿ.

ನಮ್ಮ ಹೊಲದಲ್ಲಿ ವೀರಗಲ್ಲು ಸಿಕ್ಕಿದೆ. ತಂದು ಶಾಲೆ ಮುಂದೆ ನಿಲ್ಲಿಸಬಹುದಾ?

ಅಲ್ಲಾಡಿಸಬೇಡಿ. ಅದು ನಿಂತಿರುವ ಜಾಗವೇ ಅರ್ಧ ಇತಿಹಾಸ. ಫೋಟೊ ತೆಗೆದು ತಹಶೀಲ್ದಾರರಿಗೆ, ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ. ನೂರು ವರ್ಷಕ್ಕಿಂತ ಹಳೆಯ ಶಿಲ್ಪ 1972ರ ಪುರಾವಸ್ತು ಕಾಯ್ದೆಯ ಅಡಿ ಬರುತ್ತದೆ. ಅದನ್ನು ಮಾರಾಟಕ್ಕೆ ಕೇಳಿಕೊಂಡು ಬಂದವರಿದ್ದರೆ ಅದನ್ನೂ ತಿಳಿಸಿ. ಅಕ್ಷರ ಕಾಣಲಿ ಅಂತ ಎಣ್ಣೆ ಬಳಿಯುವುದು, ಪೇಂಟ್ ಹಚ್ಚುವುದು, ಸೀಮೆಸುಣ್ಣ ತೀಡುವುದು ಯಾವುದೂ ಬೇಡ. ಸಂಜೆ ಓರೆ ಬಿಸಿಲಿನಲ್ಲಿ ಅಥವಾ ರಾತ್ರಿ ಪಕ್ಕದಿಂದ ಟಾರ್ಚ್ ಬಿಟ್ಟರೆ ಅಕ್ಷರ ತಾನಾಗಿ ಎದ್ದು ಕಾಣುತ್ತದೆ. ಮಕ್ಕಳನ್ನು ಕಲ್ಲಿನ ಹತ್ತಿರ ಕರೆದುಕೊಂಡು ಹೋಗಿ, ಕಲ್ಲನ್ನು ಮಕ್ಕಳ ಹತ್ತಿರ ತರುವುದು ಬೇಡ.

ಹಾಗೆಯೇ ಕೋಲಾರಮ್ಮ, ಸೋಮೇಶ್ವರ ದೇವಸ್ಥಾನಗಳು ಕೇಂದ್ರ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿವೆ. ಅವುಗಳ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ದೇವಸ್ಥಾನದ ಆವರಣದಲ್ಲಿ ಕಾರ್ಯಕ್ರಮ ಯೋಚಿಸುವ ಮುಂಚೆ ಅವರ ಅನುಮತಿ ಕೇಳಿ.

ನಮ್ಮ ಕಲಾವಿದರನ್ನು ದೊಡ್ಡ ಊರಿಗೆ, ವಿದೇಶಕ್ಕೆ ಕರೆದುಕೊಂಡು ಹೋಗುವುದೇ ದೊಡ್ಡ ಸಹಾಯ ಅಲ್ಲವೇ?

ಜಂಗಢ್ ಸಿಂಗ್ ಶ್ಯಾಮ್ ಅವರ ಕಥೆ ಕೇಳಿ. ಮಧ್ಯಪ್ರದೇಶದ ಪಾಟನ್‌ಗಢ ಎಂಬ ಹಳ್ಳಿಯ ಗೋಂಡ ಕಲಾವಿದ. ಭೋಪಾಲದ ಕಲಾಕೇಂದ್ರ ಭಾರತ ಭವನಕ್ಕಾಗಿ ಚಿತ್ರಕಲಾವಿದ ಜೆ. ಸ್ವಾಮಿನಾಥನ್ ಮತ್ತವರ ತಂಡ ಅವರನ್ನು ಗುರುತಿಸಿತು. ಜಂಗಢ್ ಲೋಕಪ್ರಸಿದ್ಧರಾದರು. ಅವರ ಹಿಂದೆ ಗೋಂಡ ಕಲಾವಿದರ ಒಂದು ಪೀಳಿಗೆಯೇ ಎದ್ದು ಬಂತು, ಇದು ಕ್ಯುರೇಟರ್‌ಗಳಿಂದ ಆದ ಒಳ್ಳೆಯದು. ಅದೇ ಜಂಗಢ್ 2001ರಲ್ಲಿ ಜಪಾನಿನ ನಿಗಾಟ ಪ್ರಾಂತ್ಯದ ಮಿಥಿಲಾ ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತಿದ್ದಾಗ, ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ, ಆತ್ಮಹತ್ಯೆ ಮಾಡಿಕೊಂಡರು. ಒಪ್ಪಂದ, ಕೆಲಸದ ಅವಧಿ, ಬೇಕೆಂದಾಗ ವಾಪಸ್ ಬರುವ ದಾರಿ, ಭಾಷೆ ಬಲ್ಲ ಒಬ್ಬ ಜೊತೆಗಾರ, ಇವು ಸಣ್ಣ ವಿಷಯಗಳಲ್ಲ ಅಂತ ಆ ಸಾವಿನ ನಂತರ ನಮ್ಮ ದೇಶದ ಕಲಾಲೋಕದಲ್ಲಿ ದೊಡ್ಡ ಚರ್ಚೆಯೇ ಆಯಿತು.

ಅದೇ ನಿಗಾಟದಲ್ಲಿ 2000ದಲ್ಲಿ ಫ್ರಾಮ್ ಕಿತಗಾವ ಎಂಬ ಕ್ಯುರೇಟರ್ ‘ಎಚಿಗೊ-ತ್ಸುಮಾರಿ’ ಕಲಾ ಉತ್ಸವ ಶುರು ಮಾಡಿದ್ದರು. ಯುವಕರು ಊರು ಬಿಟ್ಟು ಮುದುಕರೇ ಉಳಿದ ಹಳ್ಳಿಗಳು, ಮುಚ್ಚಿದ ಶಾಲೆಗಳು, ಬೀಗ ಬಿದ್ದ ಮನೆಗಳು, ಭತ್ತದ ಗದ್ದೆ, ಅಲ್ಲಿಗೇ ಕಲಾವಿದರನ್ನು ಕರೆಸಿದರು. ಇನ್ನೊಬ್ಬರ ಗದ್ದೆಯಲ್ಲಿ ಕೃತಿ ಮಾಡಬೇಕಾದರೆ ಗದ್ದೆಯವರ ಮನೆಗೆ ಹೋಗಿ ಕೇಳಲೇಬೇಕು. ಒಪ್ಪಿಸಲು ತಿಂಗಳುಗಟ್ಟಲೆ ಹಿಡಿದರೂ ಸರಿ. ನಮ್ಮಲ್ಲಿ ಮಕ್ಕಳಿಲ್ಲದೆ ಬಾಗಿಲು ಹಾಕಿದ ಸರ್ಕಾರಿ ಶಾಲೆಗಳ ಬಗ್ಗೆ ಯೋಚಿಸುವವರು ಇದನ್ನು ಓದಿಕೊಳ್ಳಬೇಕು. ಪೂರ್ತಿ ನಕಲು ಮಾಡಲು ಹೋಗಬೇಡಿ, ಅಲ್ಲಿನ ಸ್ಥಳೀಯ ಆಡಳಿತಗಳ ಹಣದ ಬಲ ನಮಗಿಲ್ಲ. ಮನೆಗೆ ಹೋಗಿ ಕೇಳುವ ಪದ್ಧತಿಗೆ ಮಾತ್ರ ಖರ್ಚಿಲ್ಲ.

ತುಮಕೂರು, ಚಿಕ್ಕಬಳ್ಳಾಪುರಕ್ಕೂ ಇದೇ ಲೆಕ್ಕವಾ?

ಬಹುತೇಕ. ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರ ಗೋಲಿಬಾರನ್ನು ನೆನಪಿಸುವ ವೀರಸೌಧ ಇದೆ, ಒಳಗೆ ಚಿತ್ರ ಗ್ಯಾಲರಿಯೂ ಇದೆ. ನಾಗರಕಲ್ಲಿಗೆ ಪೂಜೆಗೆ ಬಂದವರು ಒಳಗೂ ಒಂದು ಸುತ್ತು ಹಾಕುತ್ತಾರೆ, ಇಂಥ ಜಾಗ ಬೇರೆ ಕಡೆ ಸಿಗೋದಿಲ್ಲ. ತುಮಕೂರು ಕಡೆ ಗುಬ್ಬಿ ಕಂಪನಿಯ ನಾಟಕದ ನೆನಪು, ಮೂಡಲಪಾಯ ಯಕ್ಷಗಾನ, ಶಿರಾದ ಕಂಬಳಿ ಒಂದು ಕಡೆಯಾದರೆ ಪಾವಗಡದಲ್ಲಿ ಸುಮಾರು 13,000 ಎಕರೆ ರೈತರ ಭೂಮಿ ಗುತ್ತಿಗೆಗೆ ಹೋಗಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಎದ್ದಿದೆ. ಬಾಡಿಗೆ ಬರುತ್ತದೆ, ಬೇಸಾಯ ನಿಂತಿದೆ. ಕುರಿ ಮೇಯುತ್ತಿದ್ದ ದಾರಿ, ಹೊಲದ ಹೆಸರುಗಳು, ಬಿತ್ತನೆಯ ಹಾಡು ಇವನ್ನೆಲ್ಲ ಈಗ ದಾಖಲಿಸದಿದ್ದರೆ ಇನ್ನು ಹದಿನೈದು ವರ್ಷಕ್ಕೆ ಕೇಳಲು ಯಾರೂ ಇರುವುದಿಲ್ಲ.

ಕ್ಯುರೇಟರ್ ಆಗಲು ಏನು ಓದಬೇಕು?

ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ದೃಶ್ಯಕಲೆ ಇದೆ. ಮ್ಯೂಸಿಯಂ ಶಾಸ್ತ್ರವೇ ಬೇಕೆಂದರೆ ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯ. ಓದಿನ ಜೊತೆ ಲೆಕ್ಕ ಬರೆಯುವುದು, ಕರಾರು ಪತ್ರ ಓದುವುದು, ತೆಲುಗಿನಲ್ಲಿ ನಾಲ್ಕು ಮಾತು ಕಲಿತಿರಿ.

ನಮ್ಮೂರಲ್ಲೇ ಶುರು ಮಾಡಬೇಕು ಅಂತ ಇದೆ. ಮೊದಲು ಯಾರನ್ನು ನೋಡಲಿ?

ಮೊದಲು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರನ್ನು. ಊರಲ್ಲಿ ಯಾರ ಮನೆಯಲ್ಲಿ ಏನಿದೆ, ಯಾರಿಗೆ ಯಾರನ್ನು ಕಂಡರೆ ಆಗೋದಿಲ್ಲ, ಎಲ್ಲ ಅವರಿಗೆ ಗೊತ್ತಿರುತ್ತದೆ. ಆಮೇಲೆ ಸ್ತ್ರೀಶಕ್ತಿ ಸಂಘದವರು, ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ), ಕೊನೆಗೆ ಪಿಡಿಒ. ಊರಿನ ಒಳಗೂ ಕಾಲೊನಿಯ ಒಳಗೂ ಬೇರೆ ಬೇರೆಯಾಗಿ ಕೂತು ಮಾತಾಡಿ. ಒಂದೇ ಸಭೆ ಕರೆದರೆ ದೇವಸ್ಥಾನದ ಕಟ್ಟೆ ಮೇಲೆ ಕೂರುವವರೇ ಮಾತಾಡಿ ಮುಗಿಸುತ್ತಾರೆ. ಮೊದಲ ಕೆಲಸ ಚಿಕ್ಕದಿರಲಿ, ಒಂದು ಬೀದಿಯ ಹಳೇ ಫೋಟೊಗಳು ಸಾಕು. ಖರ್ಚಿನ ಪಟ್ಟಿಯನ್ನು ಪಂಚಾಯಿತಿ ನೋಟಿಸ್ ಬೋರ್ಡಿಗೆ ಅಂಟಿಸಿ, ಯಾರಿಗೆ ಎಷ್ಟು ಕೊಟ್ಟಿರಿ ಅನ್ನೋದು ಸೇರಿ. ತಾರೀಕು ಗೊತ್ತು ಮಾಡುವ ಮುಂಚೆ ಜಾತ್ರೆ, ಕರಗ, ರೇಷ್ಮೆ ಹುಳು ಹಣ್ಣಾಗುವ ದಿನ ಎಲ್ಲ ವಿಚಾರಿಸಿ. ಶ್ರೀನಿವಾಸಪುರದ ಕಡೆಯಾದರೆ ಮಾವು ಇಳಿಸುವ ಮೇ, ಜೂನ್ ಬಿಟ್ಟುಬಿಡಿ. ಆಗ ಸಭೆಗೆ ಯಾರೂ ಬರೋದಿಲ್ಲ.